ಬಚ್ಚಲುಮನೆಯ ಗೋಡೆಗೆ ಮತ್ತೆ ಟೈಲು ಹಚ್ಚುವ ಮುನ್ನ

ಬಚ್ಚಲುಮನೆಯ ಗೋಡೆಯಿಂದ ಟೈಲು ಕಳಚಿ ಬಿದ್ದಾಗ ಮನೆಯವರು ಮೊದಲು ದೂರುವುದು ಟೈಲನ್ನು. ಅನಂತರ ಅದನ್ನು ಹಚ್ಚಿದ ಗಾರೆಯವನನ್ನು. ಗೋಡೆಯನ್ನು ದೂರುವವರು ವಿರಳ. ಬಿದ್ದ ಟೈಲಿನ ಬೆನ್ನನ್ನು ತಿರುಗಿಸಿ ನೋಡಿದರೆ ಅಪರಾಧಿ ಯಾರೆಂಬುದು ಸಾಮಾನ್ಯವಾಗಿ ತಿಳಿದುಬರುತ್ತದೆ. ಬೆನ್ನು ಒರೆಸಿಟ್ಟಂತೆ ನಿರ್ಮಲವಾಗಿದ್ದರೆ ಟೈಲಿಗೂ ಸಿಮೆಂಟಿಗೂ ಬೆಸುಗೆಯೇ ಆಗಿರಲಿಲ್ಲವೆಂದು ಅರ್ಥ. ಬೆನ್ನಿಗೆ ಸಿಮೆಂಟು ಅಂಟಿಕೊಂಡಿದ್ದು, ಆ ಸಿಮೆಂಟಿನ ಹಿಂಬದಿಯಲ್ಲಿ ಸುಣ್ಣದ ಹುಡಿಯೋ ಹಳೆಯ ಬಣ್ಣದ ಪೊರೆಯೋ ಕಂಡರೆ ದೋಷವಿರುವುದು ಗೋಡೆಯ ಮೈಯಲ್ಲಿ. ಗಿಲಾವಿನ, ಅಂದರೆ ಪ್ಲಾಸ್ಟರಿನ, ಒಂದು ಪದರವೇ ಟೈಲಿನೊಡನೆ ಕಿತ್ತುಬಂದಿದ್ದರೆ ದೋಷವು ಇನ್ನೂ ಒಳಗಿನದು. ಈ ಮೂರು ಬಗೆಯ ಸೋಲುಗಳೂ ಬಹುಮಟ್ಟಿಗೆ ಮೊದಲ ಟೈಲನ್ನು ಕೈಗೆತ್ತಿಕೊಳ್ಳುವ ಮುಂಚಿನ ದಿನಗಳಲ್ಲಿಯೇ ನಿರ್ಧಾರವಾಗಿರುತ್ತವೆ. ಆ ದಿನಗಳ ಕೆಲಸವನ್ನು, ಅದರ ಹಿಂದಿರುವ ಕಾರಣಗಳೊಡನೆ ವಿವೇಚಿಸುವುದು ಇಲ್ಲಿ ನಮ್ಮ ಉದ್ದೇಶ.

ಮಾತಿನ ವಿಷಯವಾಗಿ ಒಂದು ಸಣ್ಣ ಸೂಚನೆ. ಟೈಲಿಗೆ ಕನ್ನಡದಲ್ಲಿ ಹೆಂಚು, ಬಿಲ್ಲೆ ಎಂಬ ಹೆಸರುಗಳುಂಟು. ಆದರೆ ಹೆಂಚು ಎಂದೊಡನೆ ಮನೆಯ ಮಾಡು ನೆನಪಿಗೆ ಬರುತ್ತದೆ. ಬಿಲ್ಲೆ ಎಂದರೆ ನೆಲ. ಗೋಡೆಗೆ ಹಚ್ಚುವುದನ್ನು ಗಾರೆಯವರೂ ಅಂಗಡಿಯವರೂ ಟೈಲು ಎಂದೇ ಕರೆಯುವುದರಿಂದ ನಾವೂ ಆ ಮಾತನ್ನೇ ಇಟ್ಟುಕೊಂಡಿದ್ದೇವೆ.

ನಮ್ಮ ಸೀಮೆಯ ಬಚ್ಚಲುಮನೆಗೆ ಅದರದೇ ಆದ ಒಂದು ಚರಿತ್ರೆಯುಂಟು. ಹಳೆಯ ಮೈಸೂರಿನ ಮನೆಗಳಲ್ಲಿಯೂ ಮಲೆನಾಡಿನ ಮನೆಗಳಲ್ಲಿಯೂ ಒಂದು ಮೂಲೆಯಲ್ಲಿ ಒಲೆ, ಅದರ ಮೇಲೆ ಹೂತಿಟ್ಟ ತಾಮ್ರದ ಹಂಡೆ, ಪಕ್ಕದಲ್ಲಿ ತಣ್ಣೀರಿನ ತೊಟ್ಟಿ, ಕುಳಿತು ಮೀಯಲು ಒಂದು ಚಪ್ಪಡಿ ಕಲ್ಲು, ಇಷ್ಟೇ ಇದ್ದ ಕಾಲದಲ್ಲಿ ಗೋಡೆಗೆ ಸುಣ್ಣ ಬಳಿದರೆ ಸಾಕಾಗುತ್ತಿತ್ತು. ಆ ಗೋಡೆ ನಿತ್ಯವೂ ನೆನೆಯುತ್ತಿತ್ತು. ಒಲೆಯ ಕಾವಿಗೆ ನಿತ್ಯವೂ ಒಣಗುತ್ತಿತ್ತು. ಸುಣ್ಣದ ಗಾರೆಯ ಸೂಕ್ಷ್ಮರಂಧ್ರಗಳಿಂದ ತೇವವು ತಾನಾಗಿ ಹೊರಟುಹೋಗುತ್ತಿತ್ತು. ಆಮೇಲೆ ಗೀಸರು ಬಂತು, ಷವರು ಬಂತು, ಒಲೆ ಹೋಯಿತು. ಗೋಡೆಗೆ ನಾಲ್ಕಡಿಯ ಎತ್ತರಕ್ಕೆ ಆರಂಗುಲದ ಬಿಳಿಯ ಟೈಲು ಬಂತು. ಈಗ ಆ ಬಿಳಿಯ ಟೈಲನ್ನು ತೆಗೆದು ಹೊಸದನ್ನು ಹಚ್ಚಲು ಹೊರಟವರಿಗೆ, ಅದರ ಹಿಂದೆ ಹೊಗೆಯ ಮಸಿ ಹಿಡಿದ ಸುಣ್ಣದ ಗೋಡೆಯೇ ಎದುರಾಗುವುದು ಅಪರೂಪವಲ್ಲ. ಎರಡು ಮೂರು ತಲೆಮಾರುಗಳು ಒಂದರ ಮೇಲೊಂದು ಮೆತ್ತಿದ ಪದರಗಳನ್ನು ಅಲ್ಲಿ ನಾವು ಕಾಣುತ್ತೇವೆ.

ಹಳೆಯ ಬಿಳಿಯ ಟೈಲಿಗೂ ಇಂದಿನ ಟೈಲಿಗೂ ಇರುವ ಭೇದವನ್ನು ಮೊದಲು ಅರಿಯಬೇಕು. ಆ ಹಳೆಯದು ಮೇಲೆ ಮೆರುಗು, ಒಳಗೆ ಸಡಿಲವಾದ ಸುಟ್ಟ ಮಣ್ಣು. ಅದನ್ನು ನೀರಿನಲ್ಲಿ ಮುಳುಗಿಸಿದರೆ ತನ್ನ ತೂಕದ ನೂರಕ್ಕೆ ೧೦ಕ್ಕಿಂತಲೂ ಹೆಚ್ಚು ನೀರನ್ನು ಹೀರುತ್ತದೆ. ಬೆನ್ನಿಗೆ ಸಿಮೆಂಟಿನ ಹಾಲನ್ನು ಸವರಿದಾಗ ಆ ಹಾಲು ರಂಧ್ರಗಳೊಳಕ್ಕೆ ಇಳಿದು, ಅಲ್ಲಿಯೇ ಹರಳುಗಟ್ಟಿ, ಬೇರು ಬಿಟ್ಟಂತೆ ಹಿಡಿದುಕೊಳ್ಳುತ್ತದೆ. ಇಂದು ಅನೇಕರು ಗೋಡೆಗೂ ಬಯಸುವ ವಿಟ್ರಿಫೈಡ್ ಟೈಲಾದರೋ ಹೆಚ್ಚಿನ ಉಷ್ಣತೆಯಲ್ಲಿ ಬೆಂದು ಗಾಜಿನಂತಾದದ್ದು. ಅದರ ಹೀರಿಕೆ ನೂರಕ್ಕೆ ಅರ್ಧವನ್ನು ಮೀರುವುದಿಲ್ಲ. ಬೇರು ಬಿಡಲು ಅಲ್ಲಿ ಎಡೆಯೇ ಇಲ್ಲ. ಅಳತೆಯ ಭೇದವೂ ಸಾಮಾನ್ಯವಾದುದಲ್ಲ. ೧೫೦ ಮಿಲಿಮೀಟರು ಚದರದ ಎಂಟು ಟೈಲುಗಳು ಮುಚ್ಚುತ್ತಿದ್ದ ಜಾಗವನ್ನು ೩೦೦ಕ್ಕೆ ೬೦೦ ಮಿಲಿಮೀಟರಿನ ಒಂದೇ ಟೈಲು ಮುಚ್ಚುತ್ತದೆ. ಚಿಕ್ಕ ಟೈಲುಗಳು ಗೋಡೆಯ ಉಬ್ಬುತಗ್ಗುಗಳೊಡನೆ ಹೇಗೋ ಹೊಂದಿಕೊಂಡು ಹೋಗುತ್ತಿದ್ದವು. ದೊಡ್ಡದು ಹಾಗೆ ಹೊಂದಿಕೊಳ್ಳುವುದಿಲ್ಲ. ಗೋಡೆಯ ಸಿದ್ಧತೆಯಲ್ಲಿ ಹಿಂದೆ ನಡೆಯುತ್ತಿದ್ದ ಉದಾಸೀನವು ಇಂದು ನಡೆಯದಿರುವುದಕ್ಕೆ ಇವೆರಡು ಕಾರಣಗಳು.

ಕೆಲಸಕ್ಕೆ ಮೊದಲು ಪರೀಕ್ಷೆ. ಮರದ ಹಿಡಿಯಿಂದ ಒಂದೊಂದು ಟೈಲನ್ನೂ ಮೆಲ್ಲನೆ ಬಡಿದು ಕೇಳಬೇಕು. ಭದ್ರವಾಗಿರುವುದು ಗಟ್ಟಿಯಾದ ಚಿಕ್ಕ ಧ್ವನಿಯನ್ನು ಕೊಡುತ್ತದೆ. ಹಿಂದೆ ಟೊಳ್ಳಿರುವುದು ಖಾಲಿ ಡಬ್ಬಿಯಂತೆ ಡಬಡಬಿಸುತ್ತದೆ. ಟೊಳ್ಳು ಕಂಡಲ್ಲೆಲ್ಲ ಸೀಮೆಸುಣ್ಣದಿಂದ ಗುರುತು ಹಾಕುತ್ತ ಹೋದರೆ ಅರ್ಧ ಗಂಟೆಯಲ್ಲಿ ಗೋಡೆಯ ರೋಗದ ನಕ್ಷೆಯೇ ಸಿದ್ಧವಾಗುತ್ತದೆ. ಗುರುತುಗಳು ನಲ್ಲಿಯ ಕೆಳಗೆ ಗುಂಪುಗೂಡಿದ್ದರೆ ಕೊಳವೆಯ ಸೋರಿಕೆಯನ್ನು ಶಂಕಿಸಬೇಕು. ನೆಲದಿಂದ ಒಂದು ಮೊಳದವರೆಗೆ ಸಾಲಾಗಿದ್ದರೆ ಕೆಳಗಿನಿಂದ ಏರುವ ತೇವವನ್ನು. ಇಟ್ಟಿಗೆಯ ಗೋಡೆ ಕಾಂಕ್ರೀಟಿನ ಕಂಬವನ್ನು ಸೇರುವ ಗೆರೆಯುದ್ದಕ್ಕೂ ಇದ್ದರೆ ಆ ಸಂದಿನ ಬಿರುಕನ್ನು.

ತೇವವು ಏರುವ ಬಗೆ ಕಾಲೇಜಿನ ವಿದ್ಯಾರ್ಥಿಗಳಿಗೆ ಕೇಶಾಕರ್ಷಣೆಯ ಪಾಠದಿಂದ ಪರಿಚಿತವಾದುದೇ. ನಳಿಗೆ ಕಿರಿದಾದಷ್ಟೂ ಅದರಲ್ಲಿ ನೀರು ಎತ್ತರಕ್ಕೆ ಏರುತ್ತದೆ. ಒಂದು ಮಿಲಿಮೀಟರಿನ ನೂರನೆಯ ಒಂದು ಭಾಗದಷ್ಟು ತ್ರಿಜ್ಯವಿರುವ ನಳಿಗೆಯಲ್ಲಿ, ಲೆಕ್ಕದ ಮಟ್ಟಿಗೆ, ಸುಮಾರು ಒಂದೂವರೆ ಮೀಟರು ಏರಬೇಕು. ಇಟ್ಟಿಗೆಯಲ್ಲಿಯೂ ಗಾರೆಯಲ್ಲಿಯೂ ಇರುವ ರಂಧ್ರಗಳು ಈ ಪ್ರಮಾಣದವು, ಇದಕ್ಕಿಂತ ಸೂಕ್ಷ್ಮವಾದವೂ ಉಂಟು. ಗೋಡೆಯ ಬಯಲಾದ ಮೈಯಿಂದ ನೀರು ಆವಿಯಾಗಿ ಹೋಗುತ್ತಿರುವವರೆಗೆ ಏರಿಕೆಗೆ ಒಂದು ಮಿತಿಯಿರುತ್ತದೆ. ಆ ಮೈಗೆ ಮೆರುಗಿನ ಟೈಲನ್ನು ಹೊದಿಸಿದೊಡನೆ ಆ ದಾರಿ ಮುಚ್ಚುತ್ತದೆ. ನೀರು ಇನ್ನೊಂದು ಮಗ್ಗುಲನ್ನು ಹುಡುಕುತ್ತದೆ. ಬಚ್ಚಲುಮನೆಗೆ ಹೊಸ ಟೈಲು ಹಾಕಿಸಿದ ಮೇಲೆ ಅದರ ಬೆನ್ನಿಗಿರುವ ಮಲಗುವ ಕೋಣೆಯ ಬಣ್ಣವು ಗುಳ್ಳೆಯೇಳುವುದೂ, ಬಿಳಿಯ ಉಪ್ಪಿನ ಹುಡಿ ಉದುರುವುದೂ ಇದರಿಂದಲೇ. ಆ ಉಪ್ಪು ನಿರಪಾಯವಾದ ಧೂಳಲ್ಲ. ರಂಧ್ರದೊಳಗೆ ಹರಳಾಗುವಾಗ ಅದು ಬೆಳೆಯುವ ಒತ್ತಡಕ್ಕೆ ಗಿಲಾವು ಒಳಗಿನಿಂದಲೇ ಸಿಡಿದು ಹುಡಿಯಾಗುತ್ತದೆ.

ತೇವವು ಗೋಡೆಯೊಳಗಿನದೋ, ಬರಿಯ ಸ್ನಾನದ ಹಬೆಯೋ ಎಂಬ ಸಂದೇಹವಿದ್ದರೆ, ಟೈಲು ತೆಗೆದ ಒಣಗಿದಂತೆ ಕಾಣುವ ಗೋಡೆಯ ಮೇಲೆ ಒಂದೂವರೆ ಅಡಿ ಚದರದ ಪಾಲಿಥೀನ್ ಹಾಳೆಯನ್ನಿಟ್ಟು ನಾಲ್ಕು ಅಂಚನ್ನೂ ಅಂಟುಪಟ್ಟಿಯಿಂದ ಮುಚ್ಚಿ ಒಂದು ದಿನ ಬಿಡಬೇಕು. ಹಾಳೆಯ ಒಳಮೈಯಲ್ಲಿ ಬೆವರು ಕೂತರೆ ತೇವ ಗೋಡೆಯಿಂದ ಬರುತ್ತಿದೆ. ಅದರ ಮೂಲವನ್ನು ಹುಡುಕಿ ನಿಲ್ಲಿಸುವವರೆಗೆ ಟೈಲಿನ ಮಾತೆತ್ತಬಾರದು.

ಹಳೆಯ ಟೈಲನ್ನು ಕೀಳದೆ ಅದರ ಮೇಲೆಯೇ ಹೊಸದನ್ನು ಹಚ್ಚಬಹುದಲ್ಲವೆ ಎಂದು ಕೇಳುವವರುಂಟು. ಹಚ್ಚಬಹುದು, ಹಳೆಯದು ಎಲ್ಲೆಡೆಯೂ ಭದ್ರವಾಗಿದ್ದರೆ, ಮೆರುಗನ್ನು ಉಜ್ಜಿ ಒರಟು ಮಾಡಿದರೆ, ಕೊಳವೆ ಬಾವಿಯ ಗಡಸು ನೀರು ಕಟ್ಟಿದ ಸುಣ್ಣದ ಕರೆಯನ್ನೂ ಸಾಬೂನಿನ ಜಿಡ್ಡನ್ನೂ ಪೂರ್ತಿಯಾಗಿ ತೆಗೆದರೆ, ತಕ್ಕ ಪಾಲಿಮರು ಬೆರೆತ ಅಂಟನ್ನು ಉಪಯೋಗಿಸಿದರೆ. ಇಷ್ಟು ‘ಆದರೆ’ಗಳ ಮೇಲೆ ಗೋಡೆಯ ಭಾರವನ್ನೂ ಲೆಕ್ಕ ಹಾಕಬೇಕು. ಒಂಬತ್ತು ಮಿಲಿಮೀಟರು ದಪ್ಪದ ವಿಟ್ರಿಫೈಡ್ ಟೈಲು ಚದರ ಮೀಟರಿಗೆ ಸುಮಾರು ೨೦ ಕಿಲೋಗ್ರಾಮು ತೂಗುತ್ತದೆ. ಅಂಟಿನ ತೂಕ ಬೇರೆ. ಈ ಭಾರವನ್ನೆಲ್ಲ ಹೊರುವುದು ಹಳೆಯ ಟೈಲಿನ ಹಿಂದಿರುವ ಆ ಹಳೆಯ ಸಿಮೆಂಟಿನ ತೆಳು ಪದರ. ಸೋರಿಕೆಯ ಶಂಕೆ ಎಳ್ಳಷ್ಟಿದ್ದರೂ ಕಿತ್ತು ನೋಡುವುದೇ ಲೇಸೆಂದು ನಮ್ಮ ಅಭಿಪ್ರಾಯ. ಮೇಲೆ ಮುಚ್ಚಿದ ಸೋರಿಕೆ ಮನೆಯವರಿಗೆ ಕಾಣಿಸದು. ಬಹುಮಹಡಿಯ ಕಟ್ಟಡವಾದರೆ ಕೆಳಗಿನ ಮನೆಯವರ ಸೂರಿನಲ್ಲಿ ಕಾಣಿಸಿಕೊಳ್ಳುತ್ತದೆ. ಅಲ್ಲಿಂದ ಮುಂದೆ ಅದು ಗಾರೆಯ ವಿಷಯವಾಗಿ ಉಳಿಯದೆ ನೆರೆಹೊರೆಯ ವ್ಯಾಜ್ಯವಾಗುತ್ತದೆ.

ಕೀಳುವ ಕೆಲಸಕ್ಕೆ ಮುನ್ನ ಆ ಕೋಣೆಗೆ ಬರುವ ವಿದ್ಯುತ್ತನ್ನು ಮುಖ್ಯ ಫಲಕದಲ್ಲಿಯೇ ತಪ್ಪಿಸಬೇಕು. ಗೀಸರಿನ ಸ್ವಿಚ್ಚನ್ನು ಆರಿಸಿದರೆ ಸಾಲದು. ಗೋಡೆಯೊಳಗಿನ ತಂತಿ ಎಲ್ಲಿ ಓಡಿದೆಯೆಂದು ಹಳೆಯ ಮನೆಯಲ್ಲಿ ಯಾರೂ ಖಂಡಿತವಾಗಿ ಹೇಳಲಾರರು. ಒದ್ದೆ ನೆಲದಲ್ಲಿ ಬರಿಗಾಲಿನಲ್ಲಿ ನಿಂತು ಕಬ್ಬಿಣದ ಉಳಿಯನ್ನು ಹಿಡಿದವನಿಗೆ ೨೩೦ ವೋಲ್ಟು ಎರಡನೆಯ ಅವಕಾಶವನ್ನು ಕೊಡುವುದಿಲ್ಲ. ನೀರಿನ ಕವಾಟವನ್ನೂ ಮುಚ್ಚಿ, ಬಚ್ಚಲ ಕಂಡಿಗೆ ಗೋಣಿಯನ್ನು ತುರುಕಿದ ಮೇಲೆ, ಒಡೆದ ಅಥವಾ ಟೊಳ್ಳಾದ ಒಂದು ಟೈಲಿನಿಂದ ಆರಂಭಿಸಿ ಮೇಲಿನಿಂದ ಕೆಳಕ್ಕೆ ಬರಬೇಕು. ಉಳಿಯನ್ನು ಗೋಡೆಗೆ ನೇರವಾಗಿ ಹೊಡೆಯದೆ ಓರೆಯಾಗಿ ಹಿಡಿದರೆ ಟೈಲು ಏಳುತ್ತದೆ, ಗೋಡೆ ಉಳಿಯುತ್ತದೆ. ಯಂತ್ರದ ಸುತ್ತಿಗೆಯಿಂದ ಕೆಲಸ ಬೇಗ ಸಾಗುವುದು ನಿಜ. ಆದರೆ ಬಚ್ಚಲುಮನೆಯ ನಡುಗೋಡೆಗಳು ಬಹುಪಾಲು ಅರ್ಧ ಇಟ್ಟಿಗೆಯ, ಅಂದರೆ ಸುಮಾರು ೧೧೫ ಮಿಲಿಮೀಟರಿನ, ಗೋಡೆಗಳು. ಅದರ ಹೊಡೆತಕ್ಕೆ ಇಟ್ಟಿಗೆಯ ಸಂದುಗಳೇ ಸಡಿಲಬಹುದು.

ಈ ಸಂದರ್ಭದಲ್ಲಿ ಕೊಳವೆಗಳ ವಿಷಯ. ಹಳೆಯ ಕಬ್ಬಿಣದ ಕೊಳವೆಗಳು ಗೋಡೆಯಲ್ಲಿ ಹುದುಗಿದ್ದರೆ, ಹೊರಗೆ ಚೆನ್ನಾಗಿ ಕಂಡರೂ ಅವನ್ನು ಈಗಲೇ ಬದಲಿಸುವುದು ವಿವೇಕ. ಹೊಸ ಕೊಳವೆಗಾಗಿ ಗೋಡೆಯಲ್ಲಿ ಕಾಲುವೆ ಕೊರೆಯುವಾಗ ಅಡ್ಡಗಾಲುವೆಯ ಆಳವು ಗೋಡೆಯ ದಪ್ಪದ ಆರನೆಯ ಒಂದು ಭಾಗವನ್ನೂ, ನಿಲುಗಾಲುವೆಯದು ಮೂರನೆಯ ಒಂದು ಭಾಗವನ್ನೂ ಮೀರಬಾರದೆಂಬುದು ಇಂಜಿನಿಯರರು ಒಪ್ಪಿದ ನಿಯಮ. ಅರ್ಧ ಇಟ್ಟಿಗೆಯ ಗೋಡೆಗೆ ಇದು ಕ್ರಮವಾಗಿ ೧೯ ಮತ್ತು ೩೮ ಮಿಲಿಮೀಟರು. ಕೊಳವೆಯನ್ನು ಅಡ್ಡಲಾಗಿ ಹುದುಗಿಸಲು ಬೇಕಾಗುವ ಆಳ ಸಾಮಾನ್ಯವಾಗಿ ಈ ೧೯ನ್ನು ಮೀರುತ್ತದೆ. ಆದಕಾರಣ ಕೊಳವೆಗಳನ್ನು ಮೇಲಿನಿಂದ ಕೆಳಕ್ಕೆ ನೇರವಾಗಿ ಇಳಿಸುವುದೇ ಸರಿ. ಕಾಲುವೆ ಮುಚ್ಚುವ ಮೊದಲು ಕೊಳವೆಗಳಿಗೆ ಒತ್ತಡದ ನೀರು ತುಂಬಿ ರಾತ್ರಿಯೆಲ್ಲ ನಿಲ್ಲಿಸಿ, ಮಾಪಕದ ಮುಳ್ಳು ಇಳಿದಿದೆಯೇ ಎಂದು ನೋಡಬೇಕು. ಇದೊಂದನ್ನು ಬಿಟ್ಟು ಮುಂದೆ ಹೋದವರು ಮರುವರ್ಷ ಅದೇ ಗೋಡೆಯನ್ನು ಒಡೆಸಿರುವುದುಂಟು.

ಧೂಳಿನ ಮಾತನ್ನು ಇಂಥ ಬರೆಹಗಳಲ್ಲಿ ಕೊನೆಗೆ ಒಂದು ಸಾಲಿನಲ್ಲಿ ಮುಗಿಸುವುದು ರೂಢಿ. ನಮಗೆ ಅದು ಸರಿತೋರುವುದಿಲ್ಲ. ಟೈಲು, ಇಟ್ಟಿಗೆ, ಮರಳು, ಕಾಂಕ್ರೀಟು ಎಲ್ಲದರಲ್ಲಿಯೂ ಸ್ಫಟಿಕರೂಪದ ಸಿಲಿಕಾ ಇದೆ. ಮುಚ್ಚಿದ ಸಣ್ಣ ಕೋಣೆಯಲ್ಲಿ ಒಣ ಗೋಡೆಯನ್ನು ಕೊರೆದಾಗ ಏಳುವ, ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳು ಶ್ವಾಸಕೋಶದ ಆಳಕ್ಕೆ ಇಳಿದು ಅಲ್ಲಿಯೇ ನಿಲ್ಲುತ್ತವೆ. ಅದರಿಂದಾಗುವ ಸಿಲಿಕೋಸಿಸ್ ರೋಗವನ್ನು ವಾಸಿಮಾಡುವ ಚಿಕಿತ್ಸೆಯಿಲ್ಲ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ೧೯೯೭ರಲ್ಲಿ ಇಂಥ ಸಿಲಿಕಾ ಧೂಳನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲನೆಯ ವರ್ಗಕ್ಕೆ ಸೇರಿಸಿತು. ಮನೆಯ ಯಜಮಾನನಿಗೆ ಇದು ಎರಡು ದಿನದ ಧೂಳು. ಗಾರೆಯವನಿಗೂ ಅವನ ಕೈಯಾಳಿಗೂ ವರ್ಷವಿಡೀ ನಿತ್ಯದ ಉಸಿರು. ಮೂಗಿಗೆ ಕಟ್ಟಿದ ಟವೆಲಿನಿಂದ ಈ ಕಣಗಳು ತಡೆಯಲ್ಪಡುವುದಿಲ್ಲ. ಗೋಡೆಗೆ ನೀರು ಚಿಮುಕಿಸಿಕೊಂಡು ಕೀಳುವುದು, ಟೈಲನ್ನು ನೀರು ಬಿಡುತ್ತ ಕೊಯ್ಯುವುದು, ಎನ್-೯೫ ದರ್ಜೆಯ ಮುಖಕವಚ, ತೆರೆದ ಕಿಟಕಿ, ಇವಿಷ್ಟಕ್ಕೆ ತಗಲುವ ವೆಚ್ಚವನ್ನು ಕೆಲಸ ಮಾಡಿಸುವವನೇ ಭರಿಸತಕ್ಕದ್ದು.

ಟೈಲು ಹೋದ ಮೇಲೆ ಉಳಿದ ಗೋಡೆಯ ಮೈಯನ್ನು ನೀರಿನ ಹನಿಯಿಂದ ಪರೀಕ್ಷಿಸಬಹುದು. ಹನಿ ಮುತ್ತಿನಂತೆ ನಿಂತರೆ ಅಲ್ಲಿ ಜಿಡ್ಡಿದೆ. ಹಾಕಿದೊಡನೆ ಮಾಯವಾದರೆ ಗೋಡೆಗೆ ಅತಿಯಾದ ದಾಹವಿದೆ. ಅದು ಗಾರೆಯ ನೀರನ್ನು ಕುಡಿದುಬಿಟ್ಟು ಸಿಮೆಂಟು ಗಟ್ಟಿಯಾಗಲು ಬೇಕಾದಷ್ಟನ್ನೂ ಉಳಿಸುವುದಿಲ್ಲ. ಮೆಲ್ಲನೆ ಹರಡಿಕೊಂಡು ಒಂದೆರಡು ನಿಮಿಷದಲ್ಲಿ ಇಂಗಿದರೆ ಮೈ ಯೋಗ್ಯವಾಗಿದೆ. ಹರಳೆಣ್ಣೆ ಹಚ್ಚಿಕೊಂಡು ಅಭ್ಯಂಜನ ಮಾಡುತ್ತಿದ್ದ ಮನೆಗಳ ಬಚ್ಚಲಿನಲ್ಲಿ ಮೊದಲನೆಯ ಸ್ಥಿತಿ ಸಾಮಾನ್ಯ. ಎಣ್ಣೆಯೂ ಸುಣ್ಣವೂ ಕೂಡಿ ಕಾಲಕ್ರಮದಲ್ಲಿ ನೀರಿನಲ್ಲಿ ಕರಗದ ಒಂದು ಬಗೆಯ ಸಾಬೂನಾಗುತ್ತದೆ. ಅದು ನೀರನ್ನು ಹತ್ತಿರ ಸೇರಿಸದು. ನೀರು ಸೇರದ ಮೇಲೆ ನೀರಿನಲ್ಲಿ ಕಲಸಿದ ಸಿಮೆಂಟು ಹೇಗೆ ಸೇರೀತು? ಅಂಥ ಗಿಲಾವನ್ನೂ, ಮಸಿ ಹಿಡಿದುದನ್ನೂ, ಎಣ್ಣೆ ಬಣ್ಣ ಬಳಿದುದನ್ನೂ ತೊಳೆದು ಉಳಿಸಿಕೊಳ್ಳುವ ಪ್ರಯತ್ನ ವ್ಯರ್ಥ. ಇಟ್ಟಿಗೆ ಕಾಣುವವರೆಗೆ ಕೆರೆದು ಹಾಕಬೇಕು. ಬಚ್ಚಲು ತೊಳೆಯುವ ಆಸಿಡ್ಡನ್ನು ಗೋಡೆಗೆ ಎರಚಿ ಸ್ವಚ್ಛ ಮಾಡುವವರನ್ನೂ ನೋಡುತ್ತೇವೆ. ಹೈಡ್ರೋಕ್ಲೋರಿಕ್ ಆಮ್ಲವು ಸುಣ್ಣದೊಡನೆ ಸೇರಿ ಕ್ಯಾಲ್ಸಿಯಂ ಕ್ಲೋರೈಡ್ ಆಗುತ್ತದೆ. ಇದು ಗಾಳಿಯಿಂದಲೇ ತೇವವನ್ನು ಎಳೆದುಕೊಳ್ಳುವ ಲವಣ. ಕಬ್ಬಿಣಕ್ಕೆ ತುಕ್ಕು ತರುವುದೂ ಹೌದು. ಗೋಡೆಯನ್ನು ಒಣಗಿಸಲು ಹೊರಟವರು ತೇವವನ್ನು ಕರೆದು ಕೂರಿಸಿದಂತಾಯಿತು.

ಇಟ್ಟಿಗೆ ಬಯಲಾದ ಮೇಲೆ ಸಂದುಗಳ ಗಾರೆಯನ್ನು ಸುಮಾರು ೧೦ ಮಿಲಿಮೀಟರು ಆಳಕ್ಕೆ ಕೆದಕಿ, ತಂತಿಯ ಬ್ರಷ್ಷಿನಿಂದ ತಿಕ್ಕಿ, ನೀರಿನಲ್ಲಿ ತೊಳೆಯಬೇಕು. ಕಾಂಕ್ರೀಟಿನ ಕಂಬ ತೊಲೆಗಳ ನುಣುಪಾದ ಮೈಗೆ ಉಳಿಯಿಂದ ಒತ್ತೊತ್ತಾಗಿ ಕಚ್ಚು ಹೊಡೆಯಬೇಕು. ಕಂಬವೂ ಗೋಡೆಯೂ ಸೇರುವ ಗೆರೆಯ ಮೇಲೆ ಎರಡು ಕಡೆಗೂ ೧೫೦ ಮಿಲಿಮೀಟರು ಹರಡುವಂತೆ ಕೋಳಿಜಾಲರಿಯನ್ನು ಮೊಳೆ ಹೊಡೆದು ಬಿಗಿದರೆ ಅಲ್ಲಿನ ಬಿರುಕು ಟೈಲಿಗೆ ದಾಟುವುದು ಕಡಿಮೆಯಾಗುತ್ತದೆ. ಗಿಲಾವಿನಲ್ಲಿ ಒಂದು ಹಳೆಯ ಸೂತ್ರವನ್ನು ಮರೆಯಬಾರದು: ಮೇಲಿನ ಪದರವು ಕೆಳಗಿನದಕ್ಕಿಂತ ಬಲವಾಗಿರಕೂಡದು. ಸಿಮೆಂಟು ಒಣಗುವಾಗ ಸಂಕುಚಿಸುತ್ತದೆ. ಮಣ್ಣಿನ ಅಥವಾ ಸುಣ್ಣದ ಗಾರೆಯಲ್ಲಿ ಕಟ್ಟಿದ ಮೆತ್ತನೆಯ ಗೋಡೆಗೆ ಒಂದಕ್ಕೆ ಮೂರರ ಬಿರುಸಾದ ಸಿಮೆಂಟು ಗಾರೆಯನ್ನು ಮೆತ್ತಿದರೆ, ಅದು ಸಂಕುಚಿಸುತ್ತ ಆಧಾರವನ್ನೇ ಕಿತ್ತುಕೊಂಡು ಬರುತ್ತದೆ. ಅಂಥಲ್ಲಿ ಜಾಲರಿಯ ಮೇಲೆ ಸಿಮೆಂಟು ಒಂದು, ಸುಣ್ಣ ಒಂದು, ಮರಳು ಆರು ಪಾಲಿನ ಗಾರೆಯು ಉತ್ತಮ. ಗಟ್ಟಿಯಾದ ಇಟ್ಟಿಗೆಯ ಗೋಡೆಗೆ ಒಂದಕ್ಕೆ ನಾಲ್ಕು ಸರಿಯಾಗುತ್ತದೆ. ಇಂದು ನದಿಯ ಮರಳಿಗೆ ಬದಲಾಗಿ ಸಿಗುವ ಎಂ-ಸ್ಯಾಂಡಿನಲ್ಲಿ ಕಲ್ಲಿನ ನುಣುಪು ಹುಡಿ ಹೆಚ್ಚಾಗಿದ್ದರೆ ಗಾರೆ ನೀರನ್ನು ಹೆಚ್ಚು ಬೇಡಿ, ಬಿರುಕೂ ಹೆಚ್ಚಾಗುತ್ತದೆ. ಗಿಲಾವಿಗೆಂದೇ ತೊಳೆದು ಜರಡಿಯಾಡಿದುದನ್ನು ತರಿಸಬೇಕು. ಜಿಪ್ಸಂ ಗಿಲಾವು ಬೇರೆ ಕೋಣೆಗಳಿಗೆ ಒಳ್ಳೆಯದೇ. ಬಚ್ಚಲಿಗೆ ಸಲ್ಲದು, ನೀರಿಗೆ ಅದು ಮೆತ್ತಗಾಗುತ್ತದೆ.

ಗಿಲಾವಿನ ಮೈ ಒರಟಾಗಿಯೇ ಇರಲಿ, ನುಣ್ಣಗೆ ತಿಕ್ಕಬೇಕಿಲ್ಲ; ಆದರೆ ಅದು ಸಮತಲವಾಗಿರಬೇಕು, ತೂಗುಗುಂಡಿಗೆ ನೇರವಾಗಿರಬೇಕು. ಎರಡು ಮೀಟರು ಉದ್ದದ ಮಟ್ಟಗೋಲನ್ನು ಯಾವ ದಿಕ್ಕಿನಲ್ಲಿ ಇಟ್ಟರೂ ಅದರಡಿಯ ಸಂದು ಮೂರು ಮಿಲಿಮೀಟರನ್ನು ಮೀರದಿದ್ದರೆ ತೆಳುವಾದ ಅಂಟಿನ ಮೇಲೆ ದೊಡ್ಡ ಟೈಲು ಕೂರುತ್ತದೆ. ಗೋಡೆ ಹೀಗಿಲ್ಲದಿರುವುದರಿಂದಲೇ ಟೈಲಿನ ಬೆನ್ನಿಗೆ ನಾಲ್ಕು ಮೂಲೆಗೆ ನಾಲ್ಕು, ನಡುವೆ ಒಂದು ಗಾರೆಯ ಉಂಡೆಯನ್ನಿಟ್ಟು ಒತ್ತುವ ಪದ್ಧತಿ ಬೆಳೆದಿದೆ. ಉಂಡೆಗಳ ನಡುವಿನ ಟೊಳ್ಳಿನಲ್ಲಿ ನೀರು ತಂಗುತ್ತದೆ. ಮೊಳೆ ಕೊರೆಯುವಾಗ ಅಲ್ಲಿಯೇ ಟೈಲು ಒಡೆಯುತ್ತದೆ.

ಗಿಲಾವಿಗೆ ಏಳು ದಿನವಾದರೂ ನೀರುಣಿಸಿ, ಆಮೇಲೆ ಎರಡು ಮೂರು ವಾರ ಒಣಗಲು ಬಿಡುವುದು ಅವಶ್ಯ. ಇದನ್ನು ಕಾಲವ್ಯಯವೆಂದು ಬಗೆಯುವವರೇ ಹೆಚ್ಚು. ಗಿಲಾವು ಒಣಗುತ್ತ ಕುಗ್ಗುತ್ತದೆ. ಸುಟ್ಟ ಮಣ್ಣಿನ ಟೈಲು ಗೂಡಿನಿಂದ ಹೊರಬಂದ ಮೇಲೆ ಗಾಳಿಯ ತೇವವನ್ನು ಹೀರಿ ಬಹು ನಿಧಾನವಾಗಿ ಹಿಗ್ಗುತ್ತದೆ. ಒಂದು ಕುಗ್ಗುತ್ತ ಒಂದು ಹಿಗ್ಗುತ್ತ ಇರುವಾಗ ಅವೆರಡರ ನಡುವಿನ ಬೆಸುಗೆಗೆ ಸೀಳುವ ಬಲ ಬೀಳುತ್ತದೆ. ಯಾವಾಗಲೋ ಒಂದು ರಾತ್ರಿ ಇಡೀ ಒಂದು ಸಾಲು ಟೈಲು ಸದ್ದು ಮಾಡಿ ಉಬ್ಬಿ ನಿಲ್ಲುವುದು ಹೀಗೆ. ಗಿಲಾವಿನ ಕುಗ್ಗುವಿಕೆಯ ಬಹುಭಾಗ ಟೈಲು ಬರುವ ಮುನ್ನವೇ ಮುಗಿದಿರಲೆಂದು ಕಾಯುವುದು. ಕರಾವಳಿಯಲ್ಲಿಯೂ ಮಲೆನಾಡಿನಲ್ಲಿಯೂ ಮಳೆಗಾಲದಲ್ಲಿ ಮೂರು ವಾರವೂ ಸಾಲದು. ದೀಪಾವಳಿಯ ತರುವಾಯ ಈ ಕೆಲಸಕ್ಕೆ ಕೈಹಾಕುವುದು ಮೇಲು.

ಒಣಗಿದ ಗಿಲಾವಿನ ಮೇಲೆ ನೀರು ತಡೆಯುವ ಲೇಪ. ಟೈಲೂ ಅದರ ಸಂದಿನ ಗ್ರೌಟೂ ನೀರನ್ನು ತಡೆಯುತ್ತವೆಯೆಂಬ ನಂಬಿಕೆ ಪ್ರಬಲವಾಗಿದೆ. ಸಿಮೆಂಟಿನ ಗ್ರೌಟು ನೀರನ್ನು ಸಾವಕಾಶವಾಗಿ ಒಳಗೆ ಬಿಡುತ್ತದೆ. ತಡೆಯಬೇಕಾದದ್ದು ಹಿಂದಿನ ಲೇಪ. ಸಿಮೆಂಟೂ ಪಾಲಿಮರೂ ಬೆರೆತ ಲೇಪವನ್ನು ಎರಡು ಸಲ, ಮೊದಲನೆಯದಕ್ಕೆ ಎರಡನೆಯದು ಅಡ್ಡಲಾಗುವಂತೆ ಬಳಿಯಬೇಕು. ಷವರಿನ ಗೋಡೆಗೆ ಆರಡಿಯವರೆಗೂ ಉಳಿದ ಗೋಡೆಗಳಿಗೆ ನೆಲದಿಂದ ಒಂದಡಿಯವರೆಗೂ ಇದು ಏರಬೇಕು. ಸೋರಿಕೆ ಹುಟ್ಟುವುದು ಬಯಲಿನಲ್ಲಲ್ಲ, ಮೂಲೆಗಳಲ್ಲಿ. ಗೋಡೆಯೂ ನೆಲವೂ ಸೇರುವ ಮೂಲೆಯನ್ನು ಗಾರೆಯಿಂದ ಇಳಿಜಾರಾಗಿ ತುಂಬಿ, ಕೊಳವೆ ಗೋಡೆಯಿಂದ ಹೊರಬರುವ ಕಡೆ ಸುತ್ತಲೂ ಜಾಲರಿಯ ಪಟ್ಟಿಯಿಟ್ಟು ಲೇಪವನ್ನು ಎರಡು ಪಟ್ಟು ಬಳಿಯಬೇಕು. ಡಾಂಬರಿನ ಲೇಪ ಇಲ್ಲಿಗೆ ಆಗದು. ಟೈಲಿನ ಸಿಮೆಂಟು ಅದನ್ನು ಹಿಡಿಯುವುದಿಲ್ಲ. ಲೇಪ ಒಣಗಿದ ಮೇಲೆ ಬಚ್ಚಲ ಕಂಡಿಯನ್ನು ಮುಚ್ಚಿ, ನೆಲದಲ್ಲಿ ನೀರು ನಿಲ್ಲಿಸಿ, ಎರಡು ದಿನ ಕಾದು, ಕೆಳಗಿನ ಸೂರನ್ನೂ ಪಕ್ಕದ ಗೋಡೆಯನ್ನೂ ನೋಡಿಬರಬೇಕು.

ಅಂಟಿನ ಆಯ್ಕೆಗೆ ಭಾರತೀಯ ಮಾನಕ ೧೫೪೭೭ ಎಂಬುದಿದೆ. ೨೦೧೯ರಲ್ಲಿ ಪರಿಷ್ಕೃತವಾದ ಇದು ಟೈಲಿನ ಅಂಟುಗಳನ್ನು ದರ್ಜೆಗಳಾಗಿ ವಿಂಗಡಿಸುತ್ತದೆ. ಚೀಲದ ಮೇಲಿನ ದರ್ಜೆಯನ್ನು ಓದಿ ಕೊಳ್ಳಬೇಕು. ಸಿಮೆಂಟಿನ ಹಾಲಿನಲ್ಲಿ ಹಚ್ಚುವ ಹೀರುವ ಟೈಲನ್ನು ನೀರಿನಲ್ಲಿ ನೆನೆಸುವ ಪದ್ಧತಿ ಸರಿಯಾದದ್ದೇ. ಅದೇ ಅಭ್ಯಾಸದಿಂದ ಪಾಲಿಮರಿನ ಅಂಟಿಗೂ ಟೈಲನ್ನು ನೆನೆಸಿದರೆ ಬೆನ್ನಿನ ಮೇಲಿನ ನೀರಿನ ಪೊರೆ ಬೆಸುಗೆಗೆ ಅಡ್ಡಬರುತ್ತದೆ. ಅದಕ್ಕೆ ಒಣಬಟ್ಟೆಯಿಂದ ಬೆನ್ನಿನ ಧೂಳನ್ನು ಒರೆಸಿದರೆ ಸಾಕು.

ಇನ್ನು ಗೋಡೆಯ ಮೇಲೆ ಉಳಿಯುವುದು ಒಂದು ಗೆರೆ. ನೆಲವು ಬಚ್ಚಲ ಕಂಡಿಯ ಕಡೆಗೆ ಇಳಿಜಾರಾಗಿರುವುದರಿಂದ ಕೆಳಗಿನ ಸಾಲನ್ನು ನೆಲದಿಂದ ಅಳೆದು ಆರಂಭಿಸಲಾಗದು. ಒಂದು ಟೈಲಿನ ಎತ್ತರದಷ್ಟು ಬಿಟ್ಟು, ರಸಮಟ್ಟದ ಸಹಾಯದಿಂದ ನಾಲ್ಕು ಗೋಡೆಗೂ ಸುತ್ತ ಒಂದೇ ಗೆರೆಯೆಳೆದು, ಆ ಗೆರೆಗೆ ನೇರವಾದ ಪಟ್ಟಿಯೊಂದನ್ನು ಬಿಗಿದು, ಎರಡನೆಯ ಸಾಲನ್ನು ಅದರ ಮೇಲೆ ಮೊದಲು ಕೂರಿಸುತ್ತಾರೆ. ಲೇಪ ಬಳಿದ ಭಾಗಕ್ಕೆ ಮೊಳೆ ಹೊಡೆದು ತೂತು ಮಾಡದೆ, ಪಟ್ಟಿಗೆ ಕೆಳಗಿನಿಂದ ಇಟ್ಟಿಗೆಯ ಆನಿಕೆ ಕೊಡಬೇಕು. ಕೆಳಗಿನ ಸಾಲಿನ ಟೈಲುಗಳನ್ನು ಮಾರನೆಯ ದಿನ ಪಟ್ಟಿ ತೆಗೆದು, ನೆಲದ ಇಳಿಜಾರಿಗೆ ಸರಿಯಾಗಿ ಒಂದೊಂದನ್ನೇ ಕೊಯ್ದು ಸೇರಿಸುತ್ತಾರೆ.